ಆಯಿಶಮ್ಮ ಮನೆ ಬಿಟ್ಟು ಹೊರಟದ್ದು

ಪುತ್ತೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಗೆ ಬಂದ ಆಯಿಶಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಂಡಿನೋವೆಂದು ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿದ್ದವರು, ಇಳಿಯುವಾಗ ಮಗಳನ್ನೇ ಎಳೆದುಕೊಂಡು ಇಳಿದರು. ನರಿಮೊಗರಿನ ಮನೆ ಇನ್ನು ಮಗಳು ಮುಫೀದಾಳದ್ದು! ರಿಕ್ಷಾದವನಿಗೆ ಹೇಳಿದರು, ದಾರಿಯಲ್ಲಿ ಹತ್ತಿದ ಹೆಂಗಸಿಗೂ ಹೇಳಿದರು. ಕೇಳದವರನ್ನೂ ಕರೆದು ಹೇಳುವಂಥ ಸಂತೋಷ ಅದು.

ಸಂತೋಷ ಸುಮ್ಮನೆ ಬಂದದ್ದಲ್ಲ. ತಲಾಖ್ ಆಗಿ ತವರಿಗೆ ಬಂದ ಮುಫೀದಾ ಬಟ್ಟೆ ಹೊಲಿದುಕೊಂಡು ತಾಯಿಯನ್ನು ನೋಡಿಕೊಂಡವಳು. ಆಯಿಶಮ್ಮ ಕಣ್ಣು ಮುಚ್ಚಿದರೆ ಶರೀಅತ್ತಿನ ಪ್ರಕಾರ ಮಗ ಅಸ್ಕರನಿಗೆ ಎರಡು ಪಾಲು, ಮಗಳಿಗೆ ಒಂದು. ಉಯಿಲು ಬರೆದಿಟ್ಟರೂ ಮಗ ಒಪ್ಪದಿದ್ದರೆ ನಡೆಯುವುದಿಲ್ಲ. "ಬದುಕಿರುವಾಗಲೇ ದಾನ ಕೊಟ್ಟುಬಿಡಿ," ಎಂದವರು ವಕೀಲೆ ಅಕ್ಷಿತಾ. ಮಗಳು ತಾಯಿಯನ್ನು ಕೈಬಿಟ್ಟರೆ ದಾನ ರದ್ದು ಮಾಡಿಸಬಹುದೆಂಬ ಷರತ್ತನ್ನೂ ಹಿರಿಯ ನಾಗರಿಕರ ಕಾಯ್ದೆ ನೋಡಿ ಸೇರಿಸಿದ್ದರು. ಅದನ್ನು ಓದಿ ಹೇಳಿದಾಗ ಆಯಿಶಮ್ಮ ನಕ್ಕೇ ನಕ್ಕರು. "ನನ್ನನ್ನು ಬೈಯದಿದ್ರೆ ಇವಳಿಗೆ ಉಂಡದ್ದು ಕರಗುದಿಲ್ಲ ಮಾರಾಯ್ತಿ, ಇವಳೆಲ್ಲಿ ಕೈಬಿಡುದು!"

ಒಂದೇ ಒಂದು ಮುಳ್ಳು ಒಳಗೆ ಚುಚ್ಚುತ್ತಿತ್ತು. ಗಲ್ಫಿನ ಜುಬೈಲಿನಲ್ಲಿ ಕೆಲಸಕ್ಕಿದ್ದ ಅಸ್ಕರನಿಗೆ ಅವರು ಈ ವಿಷಯ ಹೇಳಿರಲಿಲ್ಲ. ಬೇಡ ಅಂದುಬಿಟ್ಟರೆ? ಹೆತ್ತ ಮಗನ ಎದುರು ಮಗಳ ಪರ ನಿಲ್ಲುವ ಧೈರ್ಯ ಫೋನಿನಲ್ಲಿ ಬರುವುದಿಲ್ಲ. ಆದರೆ ನರಿಮೊಗರಿನಲ್ಲಿ ಗುಟ್ಟು ಉಳಿಯುವುದೂ ಒಂದೇ, ಗೋಣಿಚೀಲದಲ್ಲಿ ನೀರು ಉಳಿಯುವುದೂ ಒಂದೇ. ಕಾಗದ ತಯಾರಾಗುವಾಗಲೇ ಸುದ್ದಿ ಕಡಲು ದಾಟಿತ್ತು. ರಿಕ್ಷಾ ಗೇಟಿನ ಹತ್ತಿರ ನಿಂತಾಗ ಜಗಲಿಯಲ್ಲಿ ಸೂಟ್‌ಕೇಸಿನ ಪಕ್ಕ ಅಸ್ಕರ್ ಕೂತಿದ್ದ.

ಮುಫೀದಾಳ ಮುಖ ಬಿಳಿಚಿತು. ಆಯಿಶಮ್ಮ ಸೊಂಟದ ಬೀಗದ ಕೈ ಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ದಾನ ಕೊಟ್ರಂತೆ ಉಮ್ಮ?" ಅಸ್ಕರ್ ಕೇಳಿದ.

"ಕೊಟ್ಟೆ. ರಿಜಿಸ್ಟ್ರಿಯೂ ಆಯ್ತು."

"ಕೊಟ್ಟ ಮೇಲೆ ಬೀಗದ ಕೈ ನಿಮ್ಮ ಸೊಂಟದಲ್ಲಿ ಎಂತಕ್ಕೆ? ನಿಮ್ಮ ಮಂಚ, ಕಪಾಟು ಎಲ್ಲ ಒಳಗೇ ಉಂಟಲ್ಲ? ಇದು ದಾನ ಆಗ್ಲಿಲ್ಲ."

ಆಯಿಶಮ್ಮನಿಗೆ ಅನಿಸಿತು: ಬಂದ, ದಾನ ಮುರಿಯಲಿಕ್ಕೇ ಬಂದ. ಅವರು ಮುಫೀದಾಳಿಂದ ಅಕ್ಷಿತಾಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ವಕೀಲೆಯ ಸ್ವರ ಬಂತು: "ನಿಮ್ಮ ಶರೀಅತ್ತಿನಲ್ಲಿ ಬಾಯಲ್ಲಿ, ಕಾಗದದಲ್ಲಿ ಕೊಟ್ರೆ ಸಾಲದು, ಸ್ವಾಧೀನವನ್ನೂ ಬಿಟ್ಟುಕೊಡ್ಬೇಕು ಆಯಿಶಮ್ಮ. ನಾನು ಹೇಳಿದ್ದೆ, ನೀವು ತಲೆ ಆಡಿಸಿದ್ರಿ. ತಾಯಿ ಮಗಳು ಒಟ್ಟಿಗೇ ಇರುವಾಗ ಮನೆ ಖಾಲಿ ಮಾಡಲೇಬೇಕು ಅಂತ ಇಲ್ಲ. ಆದ್ರೆ ಯಾರಾದ್ರೂ ಕೋರ್ಟಿಗೆ ಹೋದ್ರೆ ವಾದ ಮಾಡ್ಲಿಕ್ಕೆ ಸ್ವಲ್ಪ ಜಾಗ ಇರ್ತದೆ."

"ಆ ಜಾಗ ಇಡ್ಲಿಕ್ಕಿಲ್ಲ," ಎಂದ ಅಸ್ಕರ್. "ಉಮ್ಮ, ನಿಮ್ಮ ಸಾಮಾನು ಕಟ್ಟಿ. ಹೊರಗೆ ನಡೀರಿ."

"ನನ್ನನ್ನು ಹೊರಗೆ ಹಾಕ್ತೀಯಾ?"

"ಹಾಕ್ತೇನೆ. ನನ್ನ ರೂಮಿನಲ್ಲಿ ಇದ್ದವನೊಬ್ಬನ ಮನೆಯಲ್ಲಿ ಹೀಗೇ ಆಯ್ತು. ತಾಯಿ ಅವನ ತಂಗಿಗೆ ಬರೆದುಕೊಟ್ರು, ಬೀಗದ ಕೈ ಮಾತ್ರ ಸಾಯುವವರೆಗೆ ಬಿಡ್ಲಿಲ್ಲ. ಕೊಟ್ಟದ್ದೇ ಅಲ್ಲ ಅಂತ ಅಣ್ಣಂದಿರು ಕೇಸು ಹಾಕಿ ಗೆದ್ರು. ಅವರೂ ಮೊದಲು ಒಳ್ಳೆಯವರೇ ಉಮ್ಮ." ಅವನು ತಂಗಿಯ ಕಡೆ ನೋಡಲಿಲ್ಲ, ನೆಲ ನೋಡಿದ. "ನಾಳೆ ನನ್ನ ಮನಸ್ಸು ಹೇಗಿರ್ತದೋ ನನಗೆ ಗೊತ್ತಿಲ್ಲ. ಇವತ್ತು ಒಳ್ಳೆದುಂಟು. ಇವತ್ತೇ ಮುಗಿಸಿಬಿಡಿ."

ತನ್ನ ನಾಳಿನ ಮನಸ್ಸಿನಿಂದಲೇ ತಂಗಿಯನ್ನು ಕಾಪಾಡಲು ಕಡಲು ದಾಟಿ ಬಂದ ಮಗನನ್ನು ಕಳ್ಳನೆಂದುಕೊಂಡೆನಲ್ಲ ಎಂದು ಆಯಿಶಮ್ಮನಿಗೆ ನಾಚಿಕೆಯಾಯಿತು. ಮರುಕ್ಷಣವೇ ಉತ್ಸಾಹ ನೆತ್ತಿಗೇರಿತು. "ಮುಫೀ, ಚಾಪೆ ಸುತ್ತು! ಎದುರಿನ ಅಂಗಡಿಯ ಹಕೀಮಾಕನನ್ನು ಕರೀರಿ, ಸಾಕ್ಷಿಗೆ ಬೇಕು!"

ಅಂಗಡಿ ಬಿಟ್ಟು ಹಕೀಮ್ ಓಡಿ ಬಂದರು. ಅವರ ಹಿಂದೆ ಅರ್ಧ ಬೀದಿಯೇ ಬಂತು. ಮಂಚ ಜಗಲಿ ದಾಟಿತು. ನಮಾಜಿಗೆ ಹಾಸುವ ಮುಸಲ್ಲಾ, ಮಂಡಿಗೆ ಹಚ್ಚುವ ಎಣ್ಣೆಯ ಕುಪ್ಪಿ, ಹಲ್ಲಿನ ಸೆಟ್ಟು ಹಾಕಿದ ಲೋಟ ಒಂದೊಂದಾಗಿ ಅಂಗಳಕ್ಕೆ ಬಂದವು. ಬಾಗಿಲು ತೆರೆದದ್ದೇ ಸಾಕೆಂದು ಕೋಳಿಯೊಂದು ಒಳಗೆ ನುಗ್ಗಿತು. "ಅದು ಯಾರ ಪಾಲಿಗೆ ಆಯಿಶಮ್ಮ?" ಎಂದು ಹಕೀಮ್ ಕೇಳಿದರೆ, "ಅದನ್ನೂ ಮುಫೀದಾಳಿಗೇ ಕೊಟ್ಟೆ, ಬರ್ಕೊಳ್ಳಿ!" ಎಂದು ಆಯಿಶಮ್ಮ ಕೂಗಿದರು. ನಗುವಿನ ನಡುವೆ ಅವರು ಗೊಂಚಲು ಬಿಚ್ಚಿ, ಎಲ್ಲರೂ ನೋಡುವಂತೆ ಮಗಳ ಅಂಗೈಯಲ್ಲಿಟ್ಟರು.

"ಕೊಟ್ಟೆ."

"ತಕ್ಕೊಂಡೆ," ಎಂದಳು ಮುಫೀದಾ. ಸ್ವರ ಅವಳಿಗೇ ಕೇಳಿಸಿತೋ ಇಲ್ಲವೋ.

"ಒಳಗೆ ಹೋಗಿ ಬಾಗಿಲು ಹಾಕು," ಎಂದ ಅಣ್ಣ. ಅವಳು ಹೋದಳು. ಚಿಲಕ ಬಿದ್ದ ಸದ್ದಾಯಿತು.

ಬಿಸಿಲಲ್ಲಿ, ಸಾಮಾನಿನ ನಡುವೆ ನಿಂತ ಆಯಿಶಮ್ಮನಿಗೆ ಸೊಂಟ ಹಗುರವೆನಿಸಿತು. ಹೆದರಿಕೆಯೂ ಆಯಿತು. ಈಗ ಈ ಭೂಮಿಯ ಮೇಲೆ ತನ್ನದೆಂಬ ಮನೆ ಇಲ್ಲ. ಅಭ್ಯಾಸದಂತೆ ಜಗಲಿ ಹತ್ತಿ ಬಾಗಿಲು ದೂಡಲು ಹೋದಾಗ ಅಸ್ಕರ್ ಅವರ ಕೈ ಹಿಡಿದ.

"ಸಲಾಂ ಹೇಳಿ ಕೇಳ್ಬೇಕು ಉಮ್ಮ. ಬೇರೆಯವರ ಮನೆ."

"ಅಸ್ಸಲಾಮು ಅಲೈಕುಂ," ಎಂದರು ಆಯಿಶಮ್ಮ. ಒಳಗಿಂದ ಉತ್ತರವಿಲ್ಲ. ಇನ್ನೊಮ್ಮೆ ಎಂದರು. ಮೂರನೆಯ ಸಲಾಮಿಗೂ ಉತ್ತರ ಬಾರದಿದ್ದರೆ ಬಂದವರು ತಿರುಗಿ ಹೋಗಬೇಕು, ಅದು ಪದ್ಧತಿ. ಮೂರನೆಯದನ್ನು ಅವರು ಬಾಗಿಲಿಗೇ ಬಾಯಿಟ್ಟು ಹೇಳಿದರು.

ಬಾಗಿಲು ತೆರೆಯಿತು. ಅತ್ತು ಅತ್ತು ಮುಫೀದಾಳ ಕಣ್ಣುಗಳು ಊದಿದ್ದವು. ಮದುವೆಯಾದ ಮೇಲೆ ಅವಳ ಬಾಯಲ್ಲಿ ಗಂಡನ ಮನೆ ಎಂಬ ಮಾತಿತ್ತು, ತಿರುಗಿ ಬಂದ ಮೇಲೆ ಉಮ್ಮನ ಮನೆ. ಇನ್ನೊಂದು ಮಾತನ್ನು ಅವಳು ಆಡಿದ್ದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ.

"ವ ಅಲೈಕುಮುಸ್ಸಲಾಂ," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ಬನ್ನಿ ಉಮ್ಮ. ನನ್ನ ಮನೆಗೆ ಬನ್ನಿ."