ಬೇಲಿಯಾಚೆಯ ಸಿಪ್ಪೆ

ಐಸಿಲ್ಡಾಳ ಊಟದಂಗಡಿಯ ಬಾಗಿಲ ಮೇಲೊಂದು ಹಲಗೆ ಇತ್ತು: ‘ಡಬ್ಬಿಯದು ಈ ಹೊಸಿಲು ದಾಟದು.’ ಹಿತ್ತಿಲ ಬೇಲಿಯಾಚೆಯೇ ಊರಿನ ಡಬ್ಬಿ ಕಾರ್ಖಾನೆ. ಜಮೈಕಾದ ಅಕೀ ಹಣ್ಣನ್ನು ಉಪ್ಪುನೀರಿನಲ್ಲಿ ತುಂಬಿ ಲಂಡನ್ನಿಗೆ ಕಳಿಸುವುದು ಅದರ ಕಸುಬು. ಅಲ್ಲಿನ ಹೆಂಗಸರ ಮೇಸ್ತ್ರಿ ವೈನೆಟ್ ಊಟಕ್ಕೆ ಬಂದರೆ ಐಸಿಲ್ಡಾ ಸುಮ್ಮನೆ ಬಿಟ್ಟವಳಲ್ಲ.

“ಬಾರವ್ವಾ, ತಗಡಿನ ರಾಣಿ! ಇವತ್ತೆಷ್ಟು ಹೆಣ ಪೆಟ್ಟಿಗೆಗೆ ಹಾಕ್ದೆ?”

“ನಗು, ನಗು, ಮಿಸ್ ಐಸಿ. ನನ್ನ ಡಬ್ಬಿ ಹಡಗು ಹತ್ತುತ್ತೆ. ನಿನ್ನ ಅಡುಗೆ ಈ ಬೀದಿ ದಾಟಿದ್ದುಂಟಾ?”

ಅಕ್ಕ ಕ್ಲಾರಿಬೆಲ್ ಲಂಡನ್ನಿನಿಂದ ಬಂದಿಳಿದ ವಾರ ಐಸಿಲ್ಡಾಳ ನಗು ಅಡಗಿತು. ಅಂಗಡಿ ನಿಂತ ಜಾಗ ಅಕ್ಕನದು. ಲಾರಿ ನಿಲ್ಲಿಸಲು ಅದು ಬೇಕೆಂದು ಕಾರ್ಖಾನೆಯವರು ದುಂಬಾಲು ಬಿದ್ದಿದ್ದರು.

“ಭಾನುವಾರ ಬೆಳಿಗ್ಗೆ ಅಮ್ಮ ಮಾಡ್ತಿದ್ದ ಅಕೀ-ಉಪ್ಪುಮೀನು ಮಾಡಿ ಹಾಕು,” ಎಂದಳು ಅಕ್ಕ. “ಹಿತ್ತಿಲಲ್ಲಿ ಅಮ್ಮ ನೆಟ್ಟ ಮರದ್ದೇ ಆಗ್ಬೇಕು. ಆ ರುಚಿ ಸಿಕ್ಕಿದ್ರೆ ಅಂಗಡಿ ಇರ್ಲಿ. ಇಲ್ದಿದ್ರೆ ಮಾರಿ ಕೈ ತೊಳ್ಕೋತೀನಿ.”

ಮರದ ತುಂಬ ಕೆಂಪು ಕಾಯಿ. ಆದರೆ ಒಂದೂ ಬಾಯಿ ಬಿಟ್ಟಿರಲಿಲ್ಲ. ಅಕೀ ತಾನಾಗಿ ಆಕಳಿಸಬೇಕು. ಅವಸರಪಟ್ಟು ಸೀಳಿ ತಿಂದವರನ್ನು ನಾಲ್ವರು ಹೊರಬೇಕಾಗುತ್ತದೆ; ಹಾಲುಗಲ್ಲದ ಮಗುವಿಗೂ ಗೊತ್ತಿರುವ ಮಾತು. ಆ ಸೀಮೆಯ ಯಾವ ಮರವೂ ಇನ್ನೂ ತುಟಿ ಬಿಚ್ಚಿರಲಿಲ್ಲವಾಗಿ ಸಂತೆಯೂ ಖಾಲಿ. ಶನಿವಾರ ಐಸಿಲ್ಡಾ ಮರವನ್ನು ಬೇಡಿದಳು, ಬೈದಳು, ಕೊನೆಗೆ ತಾನೇ ಬಾಯಗಲಿಸಿ ಆಕಳಿಸಿ ತೋರಿಸಿದಳು.

“ಮರಕ್ಕೆ ಪಾಠ ಹೇಳ್ಕೊಡ್ತಿದ್ದೀಯಾ, ಮಿಸ್ ಐಸಿ?” ಬೇಲಿಯ ಸಂದಿಯಲ್ಲಿ ವೈನೆಟ್‌ಳ ಕಣ್ಣು.

ಐಸಿಲ್ಡಾ ಬೇಲಿಯ ಬಳಿ ಬಂದು ಪಿಸುಗುಟ್ಟಿದಳು. “ವೈನೆಟ್... ಒಂದು ಡಬ್ಬಿ...”

“ಏನಂದೆ? ಯಂತ್ರದ ಗಲಾಟೇಲಿ ನನ್ನ ಕಿವಿ ಮಂದ. ಬೀದಿಗೆ ಕೇಳೋ ಹಾಗೆ ಹೇಳು.”

“ಡಬ್ಬಿ ಕೊಡೇ, ಮಾರಾಯ್ತಿ!”

ನೆಗ್ಗಿದ ಡಬ್ಬಿಗಳು ಹಡಗು ಹತ್ತುವುದಿಲ್ಲ, ಕೆಲಸದವರ ಮನೆ ಸೇರುತ್ತವೆ. ಅಂಥವೆರಡು ಬೇಲಿ ದಾಟಿ ಬಂದವು. ಐಸಿಲ್ಡಾ ಹಲಗೆಯ ಮಾನ ಉಳಿಸಲೆಂದು ಅವನ್ನು ಅಡುಗೆಮನೆಯ ಕಿಟಕಿಯಿಂದ ಒಳಗಿಳಿಸಿದಳು.

ಭಾನುವಾರ ಕ್ಲಾರಿಬೆಲ್ ಕಣ್ಣು ಮುಚ್ಚಿ ಉಂಡಳು. ಕರಿದ ಹಿಟ್ಟಿನುಂಡೆಯಿಂದ ತಟ್ಟೆ ಒರೆಸಿ, ಕೈ ತೊಳೆಯಲು ಹಿತ್ತಿಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು: “ಐಸೀ, ಸಿಪ್ಪೆ ಎಲ್ಲೇ? ಕರಿಬೀಜ ಎಲ್ಲಿ?”

ಅಕೀ ಬೇಯಿಸಿದ ಮನೆಯ ಹಿತ್ತಿಲಲ್ಲಿ ಸಿಪ್ಪೆ ಇಲ್ಲದಿರುವುದುಂಟೆ! “ಕೋಳಿ... ಕೋಳಿ ತಿಂದ್ಬಿಡ್ತು ಅಕ್ಕಾ.”

“ಆ ವಿಷದ ಬೀಜಾನೂ? ಕೋಳಿ ಬದುಕಿದೆಯೇನೇ?”

ಬೇಲಿಗೆ ಕಿವಿಯೊಡ್ಡಿದ್ದ ವೈನೆಟ್‌ಗೆ ಕರುಣೆ ಬಂತೋ, ಕಿಡಿಗೇಡಿತನವೋ ದೇವರೇ ಬಲ್ಲ. ಕಾರ್ಖಾನೆಯ ತಿಪ್ಪೆಯಿಂದ ಒಂದು ಮೂಟೆ ಸಿಪ್ಪೆ ತುಂಬಿ ಬೇಲಿಯ ಮೇಲಿಂದ ಸುರಿದೇಬಿಟ್ಟಳು. ಕ್ಲಾರಿಬೆಲ್ ಮೊಣಕಾಲವರೆಗೆ ಹೂತುಹೋದಳು.

ಅವಳು ಒಂದನ್ನು ಎತ್ತಿ ಮುರಿದಳು. ಅದು ಹಪ್ಪಳದಂತೆ ಪಟ್ಟೆಂದಿತು. “ಒಂದು ತಟ್ಟೆಗೆ ಇಷ್ಟು ಸಿಪ್ಪೆ! ಅದೂ ತರಗು! ಒಲೆ ಹಚ್ಚಿದ್ದು ಹೋದ ಸುಗ್ಗೀಲೇನೇ?”

ಐಸಿಲ್ಡಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಅಂಗಡಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಅಕ್ಕನ ನಗು ಕೇಳಿಸಿತು.

“ಮೊದಲ ತುತ್ತಿಗೇ ಗೊತ್ತಾಯ್ತು ಕಣೇ. ಲಂಡನ್ನಿನ ಚಳೀಲಿ ಭಾನುವಾರ ಬಂತೂಂದ್ರೆ ಇದೇ ಡಬ್ಬಿ ಒಡೀತಿದ್ದೆ. ಊರು ಅಂದ್ರೆ ನನಗೀಗ ಈ ಉಪ್ಪುನೀರೇ. ಆದ್ರೆ ಈರುಳ್ಳಿ, ಮೆಣಸಿನಕಾಯಿ ಬಾಡ್ಸಿದ ಕೈ ಮಾತ್ರ ಅಮ್ಮಂದು. ಅದು ಯಾವ ಡಬ್ಬೀಲೂ ಬರ್ಲಿಲ್ಲ.”

“ಅಂದ್ರೆ... ಅಂಗಡಿ?”

“ಇರ್ಲಿ. ಆ ಹಲಗೆ ಮಾತ್ರ ಇಳಿಸು, ಸುಳ್ಳಿ.”

“ಯಾಕಿಳಿಸ್ಲಿ? ಡಬ್ಬಿ ಹೊಸಿಲು ದಾಟಿದ್ರೆ ತಾನೆ? ಕಿಟಕೀಲಿ ಬಂತು!”

ಸೋಮವಾರ ವೈನೆಟ್ ಊಟಕ್ಕೆ ಬಂದಾಗ ಐಸಿಲ್ಡಾ ಅವಳ ತಟ್ಟೆಗೆ ಎಲ್ಲಕ್ಕಿಂತ ದೊಡ್ಡ ಮೀನಿನ ತುಂಡು ಹಾಕಿದಳು.

“ಯಾಕೆ ಮಿಸ್ ಐಸಿ, ಇವತ್ತು ಹೆಣ ಎಷ್ಟು ಅಂತ ಕೇಳಲ್ವಾ?”

“ತಿನ್ನೇ, ಸುಮ್ನೆ.”

ಹಿತ್ತಿಲ ಮರದಲ್ಲಿ ಅಂದೇ ಮೊದಲ ಕಾಯಿ ಬಾಯಿ ಬಿಟ್ಟು, ಕರಿಬೀಜ ತೋರಿಸಿ ಹಲ್ಲು ಕಿಸಿಯುತ್ತಿತ್ತು.