ಬೇಲಿಯಾಚೆ ನಿಂತ ಲಾರಿ

ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹೋಗುವ ಹೆದ್ದಾರಿ ಮೊದಲು ಪಂಕ್ಚರಣ್ಣನ ಅಂಗಡಿ ಮುಂದೆಯೇ ಹಾದುಹೋಗುತ್ತಿತ್ತು. ಅವನ ಅಪ್ಪನ ಕಾಲಕ್ಕೆ ಅದು ಬರೀ ಮಣ್ಣಿನ ದಾರಿ. ಟಾರು ಬಿದ್ದ ಮೇಲೆ ಬಂದರಿನ ಕಬ್ಬಿಣ ಒಳನಾಡಿಗೆ, ಒಳನಾಡಿನ ಹತ್ತಿ ಬಂದರಿಗೆ ಹೊರಟಿತು. ಆ ಓಡಾಟದಲ್ಲೇ ಹೋಟೆಲು, ವೆಲ್ಡಿಂಗ್ ಶಾಪು, ಲಾಡ್ಜು ಅಂತ ಈ ಬೀದಿಯೂ ಹುಟ್ಟಿತು. ದೇಶದ ಹೊಟ್ಟೆ ತುಂಬಿಸಲು ಹೊರಟ ಸರಕು ಈ ಬೀದಿಯ ಹೊಟ್ಟೆಯನ್ನೂ ತುಂಬಿಸಿಯೇ ಮುಂದೆ ಹೋಗುತ್ತಿತ್ತು ಅನ್ನಿ.

ರಸ್ತೆ ಅಗಲ ಮಾಡಬೇಕು, ಅಂಗಡಿ ಒಡೆಯಬೇಕು ಎಂದು ಎಂಜಿನಿಯರು ಬಂದಾಗ ಬೀದಿಗೆ ಬೀದಿಯೇ ಎದ್ದು ನಿಂತಿತು. ಪಂಕ್ಚರಣ್ಣನಂತೂ ಜೆಸಿಬಿ ಮುಂದೆ ಅಡ್ಡಡ್ಡ ಮಲಗಿಬಿಟ್ಟ. ಕೊನೆಗೆ ಹೊಸ ರಸ್ತೆ ಹಿತ್ತಲ ಆಚೆ, ಎತ್ತರದ ಏರಿಯ ಮೇಲೆ ಎಂದಾಯಿತು. "ಹಂಗಾದ್ರೆ ಬೇಲೀನೂ ಹಾಕ್ಸಿ ಸಾರ್, ಮಕ್ಕಳು ಮರಿ ಓಡಾಡೋ ಜಾಗ," ಎಂದು ಅದನ್ನೂ ಗೆದ್ದ. ಅವತ್ತು ಬೀದಿಯವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ರಸ್ತೆಯ ಜೊತೆ ಲಾರಿಗಳೂ ಆಚೆ ಹೋಗುತ್ತವೆಂದು ಒಬ್ಬರಿಗೂ ಹೊಳೆಯಲಿಲ್ಲ. ಬುದ್ಧಿಗೆ ಮಂಕು ಕವಿಯುವುದು ಅಂದರೆ ಇದೇ.

ಈಗ ಅಂಗಡಿಯ ಒಂದು ಇಟ್ಟಿಗೆಯೂ ಅಲುಗಿಲ್ಲ. ಮುಂದಿನ ರಸ್ತೆಯಲ್ಲಿ ನಾಯಿ ಮಲಗುತ್ತದೆ. ಪಂಕ್ಚರಣ್ಣ ಬೆಳಗೆದ್ದು ಕಂಪ್ರೆಸರಿಗೆ ಗಾಳಿ ತುಂಬಿಸುತ್ತಾನೆ, ಸಂಜೆ ಬಿಡುತ್ತಾನೆ.

"ಯಾರಿಗೆ ಇಟ್ಕೊಂಡಿದ್ದೀರಿ ಈ ಗಾಳಿ? ಮಾರಿ ಹೋಗೋಣ," ಎಂದಳು ಹೆಂಡತಿ.

"ಮೀಸೆ ಬರ್ತಾನೆ ಕಣೆ. ಬೇರೆಯವ್ರ ಕೈಲಿ ಟೈರು ಮುಟ್ಟಿಸೋನಲ್ಲ ಅವನು. ಅವನೊಬ್ಬ ಬಂದ್ರೆ ಉಳಿದೋರು ಹಿಂದೇನೇ ಬರ್ತಾರೆ."

ಮೀಸೆ ಅಂದರೆ ಹತ್ತಿ ಲಾರಿಯ ಡ್ರೈವರು, ತಮ್ಮನಂಥ ಹಳೆಯ ಗಿರಾಕಿ.

"ಅವನೂ ಬರದಿದ್ರೆ?"

"ಆಗ ಮಾರೋಣ ಬಿಡು."

ಒಂದು ಮಧ್ಯಾಹ್ನ ಏರಿಯ ಮೇಲೆ ಢಂ ಎಂದಿತು. ಟೈರು ಸಿಡಿದ ಸದ್ದು. ಇಣುಕಿದರೆ ಮೀಸೆಯ ಲಾರಿಯೇ! ಪಂಕ್ಚರಣ್ಣ ಜಾಕು ಎತ್ತಿಕೊಂಡು, ಬಿದ್ದನೋ ಎದ್ದನೋ ಎಂದು ಹಿತ್ತಲಿಗೆ ಓಡಿದ. ಅಲ್ಲಿ ಬೇಲಿ, ಹತ್ತಲಾಗದ ಎತ್ತರದ ಕಬ್ಬಿಣದ ಜಾಲರಿ.

ಮೀಸೆ ಏರಿಯಿಂದ ಇಳಿದು ಬೇಲಿಯ ಆಚೆ ಬದಿಗೆ ಬಂದ. "ಅಣ್ಣಾ, ಎಲ್ಲಾದ್ರೂ ಸಂದು ಐತಾ?"

"ಇಲ್ಲ ಕಣೋ. ಒಂದು ಸಂದೂ ಬಿಡಬೇಡಿ ಅಂತ ನಾನೇ ನಿಂತು ಹಾಕ್ಸಿದ್ದು."

ಅಷ್ಟರಲ್ಲಿ ರಸ್ತೆ ಕಂಪನಿಯ ಹಳದಿ ವ್ಯಾನು ಬಂತು. ಸಮವಸ್ತ್ರದವರಿಬ್ಬರು ಚಕ್ರ ಬಿಚ್ಚತೊಡಗಿದರು.

"ಜಾಕಿನಡಿ ಹಲಗೆ ಕೊಡ್ರಪ್ಪಾ, ಜಾರತ್ತೆ!" ಎಂದು ಜಾಲರಿಗೆ ಮುಖ ಒತ್ತಿ ಪಂಕ್ಚರಣ್ಣ ಕೂಗಿದ. ಯಾರೂ ತಿರುಗಲಿಲ್ಲ. ಜಾಕು ಜಾರಲೂ ಇಲ್ಲ.

ಮೀಸೆ ಕೈ ಬೀಸಿ, ಹಾರನ್ ಹೊಡೆದು ಹೋದ. ಹೆಂಡತಿ ಪಕ್ಕಕ್ಕೆ ಬಂದು ನಿಂತಳು. ಪಂಕ್ಚರಣ್ಣ ಒಳಗೆ ಹೋಗಿ ಕಂಪ್ರೆಸರಿನ ಗಾಳಿ ಬಿಟ್ಟ. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು.