ನಡುವಿನ ಗಾಳಿ

೨೦೧೪, ಫೆಬ್ರವರಿ ೨೩, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಗೋಡೆಗೆ ಹೊದಿಸಿದ್ದ ಮೂರನೆಯ ಜಿಪ್ಸಮ್ ಬೋರ್ಡು ಕಿತ್ತು ಈಚೆಗೆ ಬಂದಾಗ ಅವನಿಗೆ ಹಲ್ಲು ಕಿತ್ತಷ್ಟು ಸುಖವಾಯಿತು. ತನ್ನದಲ್ಲ, ಬೇರೆ ಯಾರದೋ ಹಲ್ಲು.

"ಸಾರ್, ಮನೆ ಮಾರೋರು ಹೊಸದಾಗಿ ಏನಾದ್ರೂ ಹಾಕಿಸ್ತಾರೆ. ನೀವು ಇರೋದನ್ನೇ ಕೀಳ್ತಿದೀರಲ್ಲ," ಎಂದ ಬ್ರೋಕರ್. ಬಿಳಿ ಧೂಳಿಗೆ ಹೆದರಿ ಬಾಗಿಲಲ್ಲೇ ನಿಂತು ಮೂಗಿಗೆ ಕರ್ಚೀಫು ಹಿಡಿದಿದ್ದ.

"ಜಾಗ ದೊಡ್ಡದಾಗುತ್ತೆ."

"ಎಷ್ಟು, ಎರಡು ಬೆರಳಾ? ಅಡಿಗೆಮನೆ ನಲ್ಲಿ ಸೋರ್ತಿದೆ, ಮೊದಲು ಅದನ್ನ ನೋಡಿ."

"ಸೋರಲಿ ಬಿಡಿ."

"ಆ ಬ್ಯಾಂಕಿನ ದಂಪತಿ ಇನ್ನೂ ಕಾಯ್ತಾ ಇದಾರೆ. ಗಂಡ ಹೆಂಡ್ತಿ ಜಗಳ ಆಡಿದ್ರೂ ಹೊರಗೆ ಕೇಳಿಸಲ್ಲ, ಅಂಥ ಸಾಧು ಜನ."

"ಅದಕ್ಕೇ ಬೇಡ ಅಂದಿದ್ದು."

ಬ್ರೋಕರ್ ತಮಾಷೆ ಎಂದುಕೊಂಡು ನಕ್ಕ. ನಾಲ್ಕು ಗಂಟೆಗೆ ಡ್ರಮ್ಸ್ ಟೀಚರನ್ನು ಕರೆತರುವುದಾಗಿ ಹೇಳಿ ಹೋದ.

ಅವನು ತಮಾಷೆ ಮಾಡಿರಲಿಲ್ಲ. ಮನೆ ನೋಡಲು ಬಂದ ಏಳೆಂಟು ಜನರಲ್ಲಿ ಆ ಡ್ರಮ್ಸ್ ಟೀಚರೊಬ್ಬಳೇ ಒಳಗೆ ಬಂದವಳು ಕಿಟಕಿ, ಕಕ್ಕಸು ಏನನ್ನೂ ನೋಡದೆ ಈ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ್ದಳು. "ಬೆಳಿಗ್ಗೆ ಆರರಿಂದ ಹುಡುಗರು ಬಾರಿಸ್ತಾರೆ. ಪಕ್ಕದವರು ಏನೂ ಅನ್ನಲ್ವಾ?" ಎಂದು ಕೇಳಿದ್ದಳು. "ತುಂಬಾ ಒಳ್ಳೆಯವರು," ಎಂದಿದ್ದ. ಬಡಾವಣೆಯ ಸಂಘದ ನಿಯಮದ ಪ್ರಕಾರ ಸದ್ದು ಅಪರಾಧವಾಗುವುದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ. ಆ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಅಮ್ಮನನ್ನು ಮನೆಯಿಂದ ಹೊರಡಿಸಿದ್ದು ಅದೇ ನಿಯಮ.

ನೆನಪು ಕಳೆದುಕೊಂಡ ಮೇಲೆ ಅಮ್ಮ ರಾತ್ರಿಯಿಡೀ ಒಂದೇ ಸ್ವರ ಹಿಡಿದು ನರಳುತ್ತಿದ್ದಳು. ಅಳುವಲ್ಲ, ಯಾರನ್ನೋ ಕರೆಯುವುದೂ ಅಲ್ಲ. ತಗ್ಗಿದ, ಉದ್ದನೆಯ ಊಂಕಾರ. ಗೋಡೆಯಾಚೆ ಗಡಿಯಾರ ರಿಪೇರಿ ಮಾಡುವವನ ಮನೆ. ಅವನು ಹಗಲು ಅದೇ ಗೋಡೆಗೆ ಮೇಜು ಹಾಕಿಕೊಂಡು ಕೆಲಸ ಮಾಡುತ್ತಿದ್ದ, ರಾತ್ರಿ ಅಲ್ಲೇ ಮಲಗುತ್ತಿದ್ದ. ಮನಸ್ಸಿನಲ್ಲಿ ಇವನು ಅವನಿಗೆ ಇಟ್ಟ ಹೆಸರು ನಿಶ್ಶಬ್ದರಾಯ. ಅವನಿಗಾಗಿಯೇ ಇವನು ರಜೆ ಹಾಕಿ, ಸ್ವಂತ ಕೈಯಿಂದ ಮರದ ಪಟ್ಟಿ ಹೊಡೆದು, ಸದ್ದು ತಡೆಯಲೆಂದು ಗೋಡೆಗೆ ಈ ಜಿಪ್ಸಮ್ ಬೋರ್ಡು ಕೂರಿಸಿದ್ದ. ಆದರೂ ಸಂಘಕ್ಕೆ ದೂರು ಹೋಯಿತು. ಅಮ್ಮ ಆರೈಕೆ ಮನೆ ಸೇರಿದಳು. ಅಲ್ಲಿ ನಿದ್ದೆಗೆ ಮಾತ್ರೆ ಕೊಟ್ಟರು. ತಿಂಗಳು ತುಂಬುವುದರೊಳಗೆ ತೀರಿಕೊಂಡಳು. "ಒಂಚೂರೂ ಸದ್ದಿಲ್ಲದೆ ಹೋದ್ರು," ಎಂದು ಅಲ್ಲಿನ ನರ್ಸ್ ಹೊಗಳುವ ಧಾಟಿಯಲ್ಲಿ ಹೇಳಿದ್ದಳು.

ಈಗ ಬರಿಯ ಇಟ್ಟಿಗೆ ಸಾಕು. ಬಾರಿಸಲಿ, ಆರರಿಂದ ಬಾರಿಸಲಿ. ಆ ಮನುಷ್ಯನ ಮೇಜಿನ ಮೇಲಿನ ಸ್ಕ್ರೂಗಳು ಕುಣಿಯಲಿ.

"ಮೇಷ್ಟ್ರೇ, ಕೆಲಸ ಜೋರಾಗಿದೆ."

ನಿಶ್ಶಬ್ದರಾಯ ಬಾಗಿಲಲ್ಲಿದ್ದ. ಕಣ್ಣಿಗೆ ಹಾಕುವ ಭೂತಗನ್ನಡಿಯನ್ನು ಹಣೆಗೆ ಏರಿಸಿಕೊಂಡಿದ್ದ.

"ಭಾನುವಾರ. ಹಗಲು. ನಿಯಮದೊಳಗೇ ಇದೆ."

"ಅಯ್ಯೋ, ಜಗಳಕ್ಕೆ ಬರ್ಲಿಲ್ಲ." ಕತ್ತು ಚಾಚಿ ಗೋಡೆ ನೋಡಿದ. "ತೆಗೀತಿದೀರಾ? ಆಗಲೇ ತೆಗ್ದಿದ್ರೆ ಆಗ್ತಿತ್ತು. ಇದು ಹಾಕಿದ ಮೇಲೇ ಅಲ್ವಾ ನಿಮ್ಮಮ್ಮನ ಧ್ವನಿ ಜಾಸ್ತಿ ಆಗಿದ್ದು. ಅದಕ್ಕೆ ಮುಂಚೆ ಎಲ್ಲೋ ದೂರದಲ್ಲಿ ಕೇಳಿಸ್ತಿತ್ತು. ಆಮೇಲೆ ದಿಂಬಿನೊಳಗೇ ಬಂತು. ಹೇಳಿದ್ದೆ ನಿಮಗೆ."

"ಕಾಲೇಜಲ್ಲಿ ನಾನು ಪಾಠ ಮಾಡೋದೇ ಧ್ವನಿಶಾಸ್ತ್ರ."

"ಹಾಗೇ ಅಂದ್ರಿ ಅವತ್ತೂ. ಅದಕ್ಕೇ ಎರಡನೇ ಸಲ ಹೇಳಲಿಲ್ಲ, ಸಂಘಕ್ಕೆ ಬರೆದೆ." ಬಾಗಿಲಿಂದಲೇ ಕೋಣೆಯ ಸುತ್ತ ಕಣ್ಣಾಡಿಸಿದ. "ಮನೆಗೆ ಯಾರು ಬರ್ತಾರೆ?"

"ಒಬ್ಬರು ಟೀಚರ್."

"ಓ, ಒಳ್ಳೇದಾಯ್ತು ಬಿಡಿ. ಓದು ಬರಹದ ಜನ," ಎಂದು ಸಮಾಧಾನದಿಂದ ಹೋದ.

ಒಂದು ಬೋರ್ಡು ಉಳಿದಿತ್ತು. ಉಳಿಯನ್ನು ಅದರ ಅಂಚಿಗೆ ತೂರಿಸಿದವನು ನಿಲ್ಲಿಸಿದ. ಬೋರ್ಡಿನ ಮೇಲೆ ಅಂಗೈ ಇಟ್ಟು ಅಮ್ಮನ ಸ್ವರ ಹಿಡಿದ. ಮೊದಲ ಸಲ ಸರಿಯಾಗಿ ಕೂರಲಿಲ್ಲ. ಸ್ವಲ್ಪ ತಗ್ಗಿಸಿದ.

ಬೋರ್ಡು ಬೆಕ್ಕಿನ ಬೆನ್ನಿನಂತೆ ಅಂಗೈಯೊಳಗೆ ಗುರುಗುಟ್ಟಿತು.

ಎರಡನೆಯ ವರ್ಷದ ಹುಡುಗರಿಗೆ ಅವನೇ ಕಲಿಸುವ ಪಾಠ. ಹಗುರವಾದ ಬೋರ್ಡು, ಹಿಂದೆ ತೆಳುವಾದ ಗಾಳಿ: ಎರಡೂ ಸೇರಿ ಒಂದು ಸ್ವರಕ್ಕೆ ಮಾತ್ರ ಮಿಡಿಯುತ್ತವೆ. ಆ ಸ್ವರವನ್ನು ತಡೆಯುವ ಬದಲು ಎತ್ತಿಕೊಂಡು ಗೋಡೆಯಾಚೆ ಮುಟ್ಟಿಸುತ್ತವೆ. ಅಮ್ಮನ ಮಂಚಕ್ಕೆ ಜಾಗ ಉಳಿಯಲೆಂದು ಅವನು ಬಿಟ್ಟ ಗಾಳಿ ಎರಡೇ ಸೆಂಟಿಮೀಟರ್. ರೇಡಿಯೋದ ವಾರ್ತೆ ಹಾಕಿ ಪರೀಕ್ಷಿಸಿದ್ದ. ಅಮ್ಮನ ದನಿಯಿಂದ ಪರೀಕ್ಷಿಸಬಹುದು ಎಂದು ಹೊಳೆದೇ ಇರಲಿಲ್ಲ.

ಇಷ್ಟು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಇಷ್ಟು ದಿನ ಆ ಮನುಷ್ಯ ಬರಿಯ ಕಟುಕನಾಗಿದ್ದ, ಸಹಿಸಬಹುದಿತ್ತು. ಈಗ ಅವನು ಸರಿಯೂ ಆಗಿಬಿಟ್ಟಿದ್ದ.

ಅವನು ನೆಲದ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಲೆಕ್ಕ ಮಾಡಿದ. ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ ಸ್ವರ ಅಮ್ಮನ ಸ್ವರಕ್ಕಿಂತ ಬಹಳ ಕೆಳಗೆ. ಬೋರ್ಡು ಆ ಸ್ವರಕ್ಕೆ ಮಿಡಿಯಬೇಕಾದರೆ ಹಿಂದಿನ ಗಾಳಿ ಹೆಚ್ಚಬೇಕು. ಎಷ್ಟು ಎಂದು ಸೂತ್ರ ಹೇಳಿತು. ಸೂತ್ರಕ್ಕೆ ಯಾರ ಮೇಲೂ ಹಗೆಯಿರಲಿಲ್ಲ. ಮರದಂಗಡಿಗೆ ಹೋಗಿ ದಪ್ಪ ರೀಪರು ಪಟ್ಟಿ ತಂದ. ಮಧ್ಯಾಹ್ನದ ಊಟ ಬಿಟ್ಟು, ಉಳಿದಿದ್ದ ಬೋರ್ಡನ್ನೂ ಕಿತ್ತು, ಎಲ್ಲವನ್ನೂ ಒಂದೊಂದಾಗಿ ಆ ದಪ್ಪ ಪಟ್ಟಿಗಳ ಮೇಲೆ ಮತ್ತೆ ಕೂರಿಸಿದ. ಅಷ್ಟು ಅಚ್ಚುಕಟ್ಟಾಗಿ ಅವನು ಯಾರಿಗಾಗಿಯೂ ಏನನ್ನೂ ಮಾಡಿರಲಿಲ್ಲ.

ನಾಲ್ಕಕ್ಕೆ ಡ್ರಮ್ಸ್ ಟೀಚರ್ ಬಂದಳು. "ಬೋರ್ಡು ಕಳೆದ ಸಲಾನೂ ಇತ್ತಲ್ವಾ?"

"ಇತ್ತು. ಸರಿಯಾಗಿ ಕೂತಿರಲಿಲ್ಲ."

"ಬಿಟ್ಟು ಹೋಗೋ ಮನೆಗೂ ಇಷ್ಟು ಮುತುವರ್ಜಿ! ಪಕ್ಕದವರು ಪುಣ್ಯವಂತರು ಸಾರ್." ಮನೆ ತನಗೆ ಒಪ್ಪಿಗೆ ಎಂದಳು. ಬ್ರೋಕರ್ ಇಬ್ಬರ ಕೈಯನ್ನೂ ಕುಲುಕಿದ.

ಅವರು ಹೋದ ಮೇಲೆ ಕೋಣೆ ತನ್ನಷ್ಟಕ್ಕೆ ತಾನು ನಿಂತಿತು. ಅವನು ಬೋರ್ಡಿಗೆ ಅಂಗೈ ಒತ್ತಿ ಅಮ್ಮನ ಸ್ವರ ಹಿಡಿದ. ಏನೂ ಆಗಲಿಲ್ಲ. ತುಸು ಏರಿಸಿದ, ತುಸು ತಗ್ಗಿಸಿದ. ಕೆನ್ನೆಯನ್ನೂ ಒತ್ತಿ, ಉಸಿರು ಮುಗಿಯುವವರೆಗೆ ಎಳೆದ. ಬೋರ್ಡು ತಣ್ಣಗೆ, ಸತ್ತಂತೆ ಇತ್ತು. ನಾಲ್ಕು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸವನ್ನು ಅದು ಈಗ ಮಾಡುತ್ತಿತ್ತು. ಅಮ್ಮನ ಸ್ವರ ಆಚೆ ಯಾರಿಗೂ ಕೇಳಿಸುವಂತಿರಲಿಲ್ಲ.

ಮತ್ತೆ ಉಸಿರೆಳೆದುಕೊಂಡ, ಸ್ವರ ಹಿಡಿಯಲಿಲ್ಲ. ಬಾಗಿಲ ಪಕ್ಕ ಇನ್ನೂ ಮುಚ್ಚದೆ ಬಿಟ್ಟಿದ್ದ ಅಂಚಿನೊಳಗೆ ಉಕ್ಕಿನ ಅಳತೆಪಟ್ಟಿ ತೂರಿಸಿ, ಕಣ್ಣು ಹತ್ತಿರ ತಂದು ಓದಿದ. ಬೋರ್ಡಿಗೂ ಗೋಡೆಗೂ ನಡುವೆ ಗಾಳಿ, ಸೂತ್ರ ಹೇಳಿದಷ್ಟೇ, ಏಳು ಸೆಂಟಿಮೀಟರ್.